ಲೋರೆಂಟ್ಸ್‌ನ ದೀಪಗಳು

ಕಳೆದ ತಿಂಗಳು ಅಬುಧಾಬಿಯ ನಮ್ಮ ಆಸ್ಪತ್ರೆಗೆ ಲೆಬನಾನಿನ ಒಬ್ಬ ವಯಸ್ಸಾದ ಹೆಂಗಸನ್ನು ತಂದು ಸೇರಿಸಿದರು. ಅವರ ಮಗಳು ತಾಯಿಯ ಹಣೆ ಒರೆಸಲೆಂದು ಕೈಚೀಲದಿಂದ ಸಣ್ಣ ಬಾಟಲಿ ತೆಗೆದು ಕರ್ಚೀಫಿನ ಮೇಲೆ ನಾಲ್ಕು ಹನಿ ಹಾಕಿದಳು. ಕಿತ್ತಳೆ ಸಿಪ್ಪೆ ಹಿಚುಕಿದ ಹಾಗೆ, ಅದರ ಹಿಂದೆಯೇ ಸ್ಪಿರಿಟ್ಟಿನ ಘಾಟು. ಬಿಪಿ ನೋಡುತ್ತಿದ್ದ ನಾನು ರೀಡಿಂಗ್ ಗಮನಿಸದೆ ಗಾಳಿ ಬಿಟ್ಟುಬಿಟ್ಟೆ, ಎರಡನೆಯ ಸಲ ಪಟ್ಟಿ ಕಟ್ಟಬೇಕಾಯಿತು. ಕೊಲೋನ್ ಎಂಬ ಅದೇ ಸುಗಂಧದ ನೀರನ್ನು ಒಂದು ಬೇಸಿಗೆಯಿಡೀ ನಾನು ನನ್ನ ಕೈಯಾರೆ ಒಬ್ಬರ ಕತ್ತಿಗೆ, ಮಣಿಕಟ್ಟಿಗೆ ಹಚ್ಚಿದ್ದೆ.

ಆಗ ನಾನು ದುಬೈಯಲ್ಲಿ ಮನೆಮನೆಗೆ ನರ್ಸ್‌ಗಳನ್ನು ಕಳಿಸುವ ಒಂದು ಕಂಪನಿಯಲ್ಲಿದ್ದೆ. ಇಂಟರ್‌ನ್ಯಾಷನಲ್ ಸಿಟಿಯ ಒಂದು ಕೋಣೆಯಲ್ಲಿ ನಾವು ಮೂವರು ಹೆಂಗಸರು. ಬೆಳಿಗ್ಗೆ ಆರೂವರೆಗೆ ಕಂಪನಿಯ ವ್ಯಾನು ಕೆಳಗೆ ಬಂದು ನಿಲ್ಲುತ್ತಿತ್ತು. ಅಲ್ ಕೂಜ್‌ನ ಗೋದಾಮುಗಳ ನಡುವಿನಿಂದ ಹಾದು, ಇಬ್ಬರು ಮೂವರನ್ನು ಅಲ್ಲಲ್ಲಿ ಇಳಿಸಿ, ಕೊನೆಗೆ ನನ್ನನ್ನು ಜುಮೈರಾದ ಒಂದು ವಿಲ್ಲಾದ ಮುಂದೆ ಬಿಡುತ್ತಿತ್ತು. ಮೇ ತಿಂಗಳ ಮೊದಲ ವಾರದಲ್ಲಿ ಆ ಮನೆಯ ಡ್ಯೂಟಿ ನನಗೆ ಸಿಕ್ಕಿತು. ಬೆಳಿಗ್ಗೆ ಎಂಟರಿಂದ ಸಂಜೆ ಎಂಟು. ರಾತ್ರಿಗೆ ಬೇರೆ ನರ್ಸ್ ಬರುತ್ತಿದ್ದಳು.

ರೋಗಿಗೆ ಎಂಬತ್ತೆಂಟು ವರ್ಷ, ಜರ್ಮನಿಯವರು. ಮಗ ದುಬೈಯಲ್ಲಿ ಇಂಜಿನಿಯರ್. ತಾಯಿಯನ್ನು ನೋಡಿಕೊಳ್ಳಲು ಊರಿನಲ್ಲಿ ಯಾರೂ ಇಲ್ಲವೆಂದು ಕರೆಸಿಕೊಂಡಿದ್ದರು. ಅವರಿಗೇ ಅರವತ್ತು ಹತ್ತಿರವಾಗಿತ್ತು, ಒಂಟಿ ಮನುಷ್ಯ. ಮೊದಲ ದಿನವೇ ಅವರು ನನ್ನನ್ನು ಕೂರಿಸಿ ವಿಷಯ ತಿಳಿಸಿದರು. ತಾಯಿಗೆ ಮರೆವಿನ ಕಾಯಿಲೆ. ಮೊದಲು ಒಳ್ಳೆಯ ಇಂಗ್ಲಿಷ್ ಇತ್ತು, ಈಗ ಅದು ಪೂರ್ತಿ ಹೋಗಿದೆ, ಜರ್ಮನ್ ಒಂದೇ ಉಳಿದಿದೆ. ಹೆಸರು ಹಿಡಿದು ಕರೆಯುವುದು ಬೇಡ, ಓಮಾ ಎನ್ನಿ ಎಂದರು. ಓಮಾ ಎಂದರೆ ಅವರಲ್ಲಿ ಅಜ್ಜಿ. ಊಟ, ನಿದ್ದೆ, ನೀರು, ಹೀಗೆ ಐದಾರು ಶಬ್ದಗಳನ್ನು ಕಾಗದದ ಮೇಲೆ ಬರೆದುಕೊಟ್ಟರು. ತಾಯಿ ಏನೇ ಹೇಳಲಿ, ವಾದ ಮಾಡಬೇಡಿ, ನಗುತ್ತ ‘ಯಾ, ಯಾ’ ಎನ್ನಿ, ಸಮಾಧಾನವಾಗುತ್ತದೆ ಎಂದರು. ಯಾ ಎಂದರೆ ಹೌದು. ಇದು ನನಗೆ ಹೊಸದಾಗಿರಲಿಲ್ಲ. ಮರೆವಿನ ರೋಗಿಗಳಿಗೆ ಎದುರು ಹೇಳಬಾರದೆಂದು ನಮಗೂ ಕಲಿಸಿದ್ದರು. ಕೊನೆಯಲ್ಲಿ, ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸಿದರು: ಹಳೆಯ ಜರ್ಮನ್ ಸಿನಿಮಾಗಳನ್ನು ಮಾತ್ರ ತಾಯಿಗೆ ಹಾಕಬೇಡಿ. ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಓಮಾ ಚಿಕ್ಕ ಆಕೃತಿಯ ಹೆಂಗಸು. ಬೆಳ್ಳಗಿನ ಕೂದಲನ್ನು ದಿನಾ ಎರಡು ಸಲ ಬಾಚಿಸಿಕೊಳ್ಳುತ್ತಿದ್ದರು, ಕೊಲೋನ್ ಹಚ್ಚದೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ನನ್ನ ಹೆಸರು ಐರಿನ್. ಅವರು ‘ಇರೇನೆ’ ಎಂದು ಕರೆಯುತ್ತಿದ್ದರು. ಬೆಳ್ಮಣ್ಣಿನಲ್ಲಿ ಹುಟ್ಟಿದ ನನಗೆ ಅಷ್ಟು ಚಂದದ ಹೆಸರಿದೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೆಳಗಿನ ಹೊತ್ತು ಅವರು ಗಿಡಗಳಿಗೆ ನೀರು ಹಾಕುವುದನ್ನು ನೋಡುತ್ತ, ಬಟ್ಟೆಗಳನ್ನು ಮಡಿಸಿ ಬಿಚ್ಚಿ ಮಡಿಸುತ್ತ ಆರಾಮವಾಗಿರುತ್ತಿದ್ದರು. ಕಷ್ಟ ಶುರುವಾಗುತ್ತಿದ್ದದ್ದು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ. ಹೊರಗೆ ನಲವತ್ತೈದು ಡಿಗ್ರಿ, ಸಮುದ್ರದ ಕಡೆಯ ಹಬೆಯಿಂದ ಕಿಟಕಿಯ ಗಾಜುಗಳು ಹೊರಗಿನಿಂದ ಬೆವರುತ್ತಿದ್ದವು. ಓಮಾ ಎದ್ದು ಬಾಗಿಲಿನಿಂದ ಬಾಗಿಲಿಗೆ ಓಡಾಡುವರು. ಮಾತ್ರೆ ಉಗುಳುವರು. ನನ್ನ ಕೈ ಪರಚುವರು. ಸಂಜೆಯ ಹೊತ್ತಿಗೆ ಇಬ್ಬರೂ ಸುಸ್ತಾಗಿ ಕೂತಿರುತ್ತಿದ್ದೆವು.

ಆ ಹೊತ್ತೇ ನನಗೂ ಬೇಕಾದ ಹೊತ್ತಾಗಿತ್ತು. ನನ್ನ ಮಗಳು ರಿಯಾ ಆಗ ಎರಡನೆಯ ಕ್ಲಾಸು, ಊರಿನಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಳು. ಇಲ್ಲಿ ನಾಲ್ಕು ಗಂಟೆ ಎಂದರೆ ಅಲ್ಲಿ ಐದೂವರೆ. ಶಾಲೆಯಿಂದ ಬಂದು, ತಿಂಡಿ ತಿಂದು, ಆಟಕ್ಕೆ ಓಡುವ ಮುಂಚೆ ಅವಳು ಫೋನಿಗೆ ಸಿಗುತ್ತಿದ್ದದ್ದು ಅರ್ಧ ಗಂಟೆ. ನಾನು ಡ್ಯೂಟಿ ಮುಗಿಸಿ ಕೋಣೆ ಸೇರುವಷ್ಟರಲ್ಲಿ ಅವಳು ಮಲಗಿರುತ್ತಿದ್ದಳು. ಓಮಾ ಪರಚುತ್ತಿದ್ದ ದಿನಗಳಲ್ಲಿ ಫೋನು ನನ್ನ ಜೇಬಿನಲ್ಲಿ ಸುಮ್ಮನೆ ನಡುಗಿ ನಿಲ್ಲುತ್ತಿತ್ತು.

ಜೂನ್ ತಿಂಗಳಲ್ಲಿ ಒಂದು ದಿನ ಓಮಾ ಅವರ ಕಪಾಟು ಜೋಡಿಸುವಾಗ ಒಂದು ಫೋಟೋ ಸಿಕ್ಕಿತು. ಮದುವೆಯ ಉಡುಪಿನ ಹೆಣ್ಣು, ಗಂಡು, ಅವರ ಮುಂದೆ ಹೂವಿನ ಬುಟ್ಟಿ ಹಿಡಿದ ಸಣ್ಣ ಹುಡುಗಿ. ಅಂಚಿನಲ್ಲಿ ದೊಡ್ಡದೊಂದು ದೀಪದ ಕಾಲು ಕಾಣುತ್ತಿತ್ತು. ಸಿನಿಮಾದ್ದೆಂದು ಅದರಿಂದಲೇ ತಿಳಿಯಿತು. ಹಿಂದೆ ಜರ್ಮನ್ ಅಕ್ಷರಗಳಲ್ಲಿ ಒಂದು ಹೆಸರು, ಚಿತ್ರದ್ದೇ ಇರಬೇಕು. ಓಮಾ ಫೋಟೋ ಕಿತ್ತುಕೊಂಡು ಹುಡುಗಿಯ ಮೇಲೆ ಬೆರಳಿಟ್ಟರು, ಆಮೇಲೆ ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ನಾನು ಆ ಹೆಸರನ್ನು ಮನೆಯಲ್ಲಿದ್ದ ಟ್ಯಾಬ್‌ನಲ್ಲಿ ಹುಡುಕಿದೆ. ಸಿನಿಮಾ ಪೂರ್ತಿ ಇತ್ತು. ಸಿನಿಮಾ ಹಾಕಬೇಡಿ ಎಂದಿದ್ದ ಮಗನ ಮಾತು ನನಗೆ ನೆನಪಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗಂಟೆ ಮೂರು ಮುಕ್ಕಾಲಾಗಿತ್ತು. ಹಾಕಿದೆ.

ಕಪ್ಪು ಬಿಳುಪಿನ ಚಿತ್ರ. ಮಾತು ತಿಳಿಯದಿದ್ದರೂ ಕತೆ ತಿಳಿಯುತ್ತಿತ್ತು. ಟೋಪಿ ಅಂಗಡಿ ನಡೆಸುವ ಒಬ್ಬಳು ಹುಡುಗಿ ತನಗೆ ಮದುವೆಯಾಗಿದೆ ಎಂದು ಶ್ರೀಮಂತ ಸೋದರತ್ತೆಗೆ ಕಾಗದ ಬರೆದಿರುತ್ತಾಳೆ. ಅತ್ತೆ ಹೇಳದೆ ಕೇಳದೆ ಬಂದಿಳಿಯುತ್ತಾಳೆ. ಪಕ್ಕದ ಮನೆಗೆ ಪಿಯಾನೋ ಸರಿಮಾಡಲು ಬಂದವನನ್ನು ಹುಡುಗಿ ಎಳೆದು ತಂದು ಇವನೇ ನನ್ನ ಗಂಡ ಎನ್ನುತ್ತಾಳೆ. ಒಂದು ದಿನಕ್ಕೆಂದು ಬಂದವನು ವಾರ ಕಳೆದರೂ ಹೋಗುವುದಿಲ್ಲ. ಬೀದಿ ತುಂಬ ದೀಪಗಳು, ಮೇಜಿನ ತುಂಬ ಕ್ರೀಮಿನ ಕೇಕುಗಳು. ಅದು ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, ಆ ದೇಶದಲ್ಲೇ ತೆಗೆದ ಚಿತ್ರವೆಂದು ನನಗೆ ಆಮೇಲೆ ಗೊತ್ತಾದದ್ದು. ಅದರಲ್ಲಿ ಯುದ್ಧದ ಸುಳಿವೇ ಇರಲಿಲ್ಲ, ಒಬ್ಬ ಸಿಪಾಯಿ ಕೂಡ ಕಾಣುವುದಿಲ್ಲ. ಕೊನೆಗೆ ಇಬ್ಬರಿಗೂ ನಿಜವಾಗಿಯೇ ಮದುವೆಯಾಗಿ ಹೊರಗೆ ಬರುವಾಗ ಒಬ್ಬಳು ಪುಟ್ಟ ಹುಡುಗಿ ಹೂ ಕೊಟ್ಟು ‘ಫೀಲ್ ಗ್ಲ್ಯೂಕ್’ ಎನ್ನುತ್ತಾಳೆ. ಒಳ್ಳೆಯದಾಗಲಿ ಎಂದು. ಟ್ಯಾಬ್‌ನೊಳಗಿನ ಎಂಟು ವರ್ಷದ ಹುಡುಗಿಯೂ ನನ್ನ ಪಕ್ಕದ ಎಂಬತ್ತೆಂಟು ವರ್ಷದ ಓಮಾನೂ ಅದನ್ನು ಒಟ್ಟಿಗೇ ಹೇಳಿದರು.

ಅಂದು ಓಮಾ ಮಾತ್ರೆ ನುಂಗಿದರು, ಸೂಪು ಕುಡಿದರು, ನನ್ನ ಕೆನ್ನೆ ತಟ್ಟಿದರು. ಮರುದಿನವೂ ಹಾಕಿದೆ. ಅದರ ಮರುದಿನವೂ. ಚಿತ್ರ ಒಂದೂಕಾಲು ಗಂಟೆಯದು. ಅದು ಓಡುತ್ತಿರುವಾಗ ನಾನು ಅವರ ಹಿಂದಿನ ಕುರ್ಚಿಯಲ್ಲಿ ಕೂತು ರಿಯಾಳ ಜೊತೆ ಮಾತಾಡುತ್ತಿದ್ದೆ. ಅವಳು ಓದಿದ ಪದ್ಯ ಒಪ್ಪಿಸುವಳು, ಬಿದ್ದ ಹಲ್ಲು ತೋರಿಸುವಳು. ಮಧ್ಯೆ ಮಧ್ಯೆ ಓಮಾ ತಿರುಗಿ ಏನಾದರೂ ಹೇಳಿದರೆ ನಾನು ನಗುತ್ತ ಯಾ, ಯಾ ಎನ್ನುತ್ತಿದ್ದೆ. ಸಂಜೆ ಮಗ ಬಂದಾಗ ಟ್ಯಾಬನ್ನು ಚಾರ್ಜಿಗೆ ಹಾಕಿ ಮುಚ್ಚಿಟ್ಟಿರುತ್ತಿದ್ದೆ. ತಾಯಿ ಈಗ ಎಷ್ಟು ಶಾಂತವಾಗಿದ್ದಾರೆ ಎಂದು ಅವರು ನನ್ನನ್ನು ಹೊಗಳಿದರು. ಕಂಪನಿಗೂ ಫೋನ್ ಮಾಡಿ ಹೇಳಿದರಂತೆ.

ನೋಡುವಾಗ ಓಮಾ ಒಂದು ಹೆಸರು ಹೇಳುತ್ತಿದ್ದರು. ಟೋಪಿ ಅಂಗಡಿಯ ದೃಶ್ಯಕ್ಕೆ ಬೆರಳು ತೋರಿಸಿ ‘ಲೋರೆಂಟ್ಸ್’ ಎನ್ನುವರು. ಮೆಟ್ಟಿಲಿನ ದೃಶ್ಯಕ್ಕೂ ಲೋರೆಂಟ್ಸ್. ಕೊನೆಯ ಕೆಲವು ದೃಶ್ಯಗಳಿಗೆ ಮಾತ್ರ ತಲೆಯಾಡಿಸಿ ‘ನಿಶ್ಟ್ ಲೋರೆಂಟ್ಸ್’ ಎನ್ನುವರು. ನಿಶ್ಟ್ ಎಂದರೆ ಅಲ್ಲ ಎಂಬಷ್ಟು ನನಗೆ ಬರುತ್ತಿತ್ತು. ಲೋರೆಂಟ್ಸ್ ಎಂದರೆ ಆ ಚೆಲುವ ನಾಯಕನಿರಬೇಕು, ಓಮಾ ಎಳೆಯ ವಯಸ್ಸಿನಲ್ಲಿ ಅವನ ಮೇಲೆ ಮನಸ್ಸಿಟ್ಟಿರಬೇಕು ಎಂದುಕೊಂಡೆ. ಎರಡು ಕೈಯಿಂದ ಹೃದಯದ ಆಕಾರ ಮಾಡಿ “ಲೋರೆಂಟ್ಸ್?” ಎಂದು ಛೇಡಿಸುತ್ತಿದ್ದೆ. ಮೊದಮೊದಲು ಅವರು ನನ್ನನ್ನು ಸುಮ್ಮನೆ ನೋಡುತ್ತಿದ್ದರು. ನಾಚಿಕೆ ಎಂದು ನಾನು ತಿಳಿದೆ.

ಜುಲೈ ಮಧ್ಯದ ಹೊತ್ತಿಗೆ ಅವರು ಬದಲಾದರು. ಸಿನಿಮಾ ಬೇಕೆಂದು ತಾವೇ ಟ್ಯಾಬ್ ತಂದುಕೊಡುತ್ತಿದ್ದರು, ಆದರೆ ನಗು ನಿಂತಿತ್ತು. ನಿಶ್ಟ್ ಲೋರೆಂಟ್ಸ್ ಶುರುವಾಗುವ ಜಾಗ ಬಂದೊಡನೆ ಅವರ ಉಸಿರು ಜೋರಾಗುತ್ತಿತ್ತು. ತಾವೇ ಇರುವ ಹೂವಿನ ದೃಶ್ಯ ಬಂದಾಗ ಮುಖ ತಿರುಗಿಸಿಕೊಳ್ಳುವರು. ಆಮೇಲೆ ನನ್ನ ಕೈ ಹಿಡಿದು ಒಂದೇ ಮಾತನ್ನು ಕೇಳುವರು: “ಬಿನ್ ಇಶ್ ಶುಲ್ಟ್?” ನಾನು ಅವರ ಕೈ ಸವರಿ, ನಕ್ಕು, “ಯಾ ಓಮಾ, ಯಾ, ಯಾ” ಎನ್ನುತ್ತಿದ್ದೆ. ಅವರು ನಿಧಾನವಾಗಿ ತಲೆಯಾಡಿಸುವರು. ಸಮಾಧಾನವಾಯಿತು ಎಂದು ನಾನು ಅಂದುಕೊಳ್ಳುವೆ. ಎಷ್ಟು ದಿನ ಹೀಗೆ ಹೇಳಿದೆನೋ ಲೆಕ್ಕವಿಲ್ಲ. ಮೂರು ವಾರಕ್ಕೆ ಕಡಿಮೆಯಂತೂ ಇಲ್ಲ. ಒಂದೊಂದು ದಿನ ನಾಲ್ಕೈದು ಸಲ.

ಆಗಲೇ ಅವರು ಊಟ ಬಿಟ್ಟದ್ದು. ಚಮಚ ಬಾಯಿಯ ಹತ್ತಿರ ತಂದರೆ ತುಟಿ ಬಿಗಿ ಹಿಡಿಯುತ್ತಿದ್ದರು. ಬೇಸಿಗೆಗೆ ಹಸಿವು ಹೋಗಿದೆ, ಈ ಕಾಯಿಲೆಯಲ್ಲಿ ಹೀಗಾಗುತ್ತದೆ ಎಂದು ನಾನು ಮಗನಿಗೆ ಹೇಳಿದೆ. ಡಾಕ್ಟರೂ ಹಾಗೆಯೇ ಅಂದರು. ಸಿನಿಮಾದ ವಿಷಯ ನಾನು ಡಾಕ್ಟರಿಗೂ ಹೇಳಲಿಲ್ಲ.

ನಮ್ಮ ಕೋಣೆಯಲ್ಲಿದ್ದ ಪ್ರಮೀಳಾ ಉಡುಪಿ ಕಡೆಯ ಹುಡುಗಿ, ಅವಳೂ ನರ್ಸ್. ಜರ್ಮನಿಗೆ ಹೋಗಬೇಕೆಂದು ಅಲ್ ಮುರಕ್ಕಬಾತ್‌ನಲ್ಲಿ ಒಂದು ಭಾಷೆಯ ಕ್ಲಾಸಿಗೆ ಸೇರಿದ್ದಳು. ಒಂದು ಶುಕ್ರವಾರ, ನನಗೆ ರಜೆ. ಊದ್ ಮೇಥಾದ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದಿದ್ದೆ. ಅವಳು ಅಡಿಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಬೆಂಡೆಕಾಯಿ ಹೆಚ್ಚುತ್ತ ಏನೋ ಗುನುಗುತ್ತಿದ್ದಳು. ಓಮಾ ಕೇಳುವ ಮಾತು ನನಗೆ ಬಾಯಿಪಾಠವಾಗಿತ್ತು. ಅದನ್ನು ಹೇಳಿ, ಹಾಗಂದರೆ ಎಂತ ಎಂದು ಕೇಳಿದೆ.

“ಇನ್ನೊಮ್ಮೆ ಹೇಳಿ ಅಕ್ಕ.”

ಹೇಳಿದೆ.

“‘ನಂದು ತಪ್ಪಾ?’ ಅಂತ. ‘ಆದದ್ದಕ್ಕೆಲ್ಲ ನಾನೇ ಕಾರಣವಾ?’ ಅಂತ ಕೇಳುವುದು ಅದು. ಯಾರು ಕೇಳಿದ್ದು?”

“ಓಮಾ.”

“ಪಾಪ. ಎಂತ ಹೇಳಿದ್ರಿ ನೀವು?”

ಅವಳು ಚಾಕು ಕೆಳಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಹೆಚ್ಚು ಕೇಳಲಿಲ್ಲ. ‘ನಿಮ್ಮ ತಪ್ಪಲ್ಲ’ ಎನ್ನುವುದು ಹೇಗೆಂದು ನಾನೇ ಕೇಳಿದಾಗ, ಜರ್ಮನಿನಲ್ಲೂ ನೀನು ನೀವು ಎಂದು ಇದೆ, ಹಿರಿಯರಿಗೆ ‘ಜೀ’ ಎನ್ನಬೇಕು ಎಂದು ಹೇಳಿ ಒಂದು ಚೀಟಿಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಟ್ಟಳು.

ಮರುದಿನ ವ್ಯಾನಿನಲ್ಲಿ ಅಲ್ ಕೂಜ್ ಕಳೆಯುವವರೆಗೂ ಆ ಚೀಟಿಯನ್ನು ಓದಿಕೊಂಡೆ. ಓಮಾ ಅಂದು ನನ್ನನ್ನು ಏನೂ ಕೇಳಲಿಲ್ಲ. ಕಾದು ಕಾದು ನಾನೇ ಅವರ ಮುಂದೆ ಮಂಡಿಯೂರಿ ಕೂತು, “ನೈನ್, ಓಮಾ. ಜೀ ಜಿಂಟ್ ನಿಶ್ಟ್ ಶುಲ್ಟ್” ಎಂದೆ. ಇಲ್ಲ, ನಿಮ್ಮ ತಪ್ಪಲ್ಲ ಎಂದು. ಅವರು ನನ್ನನ್ನು ನೋಡಿದರು. ಆಮೇಲೆ ನನ್ನ ಕೈಯನ್ನು ಎರಡು ಸಲ ಮೆಲ್ಲಗೆ ತಟ್ಟಿದರು. ನೊಂದವರ ಮನಸ್ಸಿಗೆಂದು ಯಾರಾದರೂ ಸುಳ್ಳು ಹೇಳಿದಾಗ ನಾವು ತಟ್ಟುತ್ತೇವಲ್ಲ, ಹಾಗೆ.

ಆ ಸಂಜೆ ಮಗ ಬಂದೊಡನೆ ಸಿನಿಮಾದ ವಿಷಯ ಹೇಳಿದೆ. ಜೂನ್‌ನಿಂದ ದಿನಾ ಹಾಕುತ್ತಿದ್ದೇನೆ, ತಪ್ಪಾಯಿತು ಎಂದೆ. ಬೈಯುತ್ತಾರೆ, ಕಂಪನಿಗೆ ದೂರು ಹೋಗುತ್ತದೆ, ವೀಸಾ ಖಲಾಸ್ ಎಂದೇ ನನ್ನ ಲೆಕ್ಕವಾಗಿತ್ತು. ಅವರು ಬೈಯಲಿಲ್ಲ. ಕೋಟು ಕೂಡ ತೆಗೆಯದೆ ಊಟದ ಮೇಜಿನ ಮುಂದೆ ಕೂತರು. ತಾಯಿ ಲೋರೆಂಟ್ಸ್ ಹೆಸರು ಹೇಳಿದಳೇ ಎಂದು ಕೇಳಿದರು. ಹೌದೆಂದೆ. ಆಗ ಅವರು ಇಂಗ್ಲಿಷಿನಲ್ಲಿ, ತಡೆದು ತಡೆದು, ಆ ಕತೆ ಹೇಳಿದರು.

ಲೋರೆಂಟ್ಸ್ ಆ ಚಿತ್ರದ ನಾಯಕನಾಗಿರಲಿಲ್ಲ, ದೀಪಗಳನ್ನು ನೋಡಿಕೊಳ್ಳುವವನು. ಶೂಟಿಂಗಿನ ಬಿಡುವಿನಲ್ಲಿ ಎಂಟು ವರ್ಷದ ಹುಡುಗಿಗೆ ದಿನಾ ಸೇಬಿನ ಹೋಳು ತಂದುಕೊಡುತ್ತಿದ್ದ, ಮೇಜಿನ ಮೇಲಿನ ಕೇಕುಗಳ ಕ್ರೀಮು ಗಡ್ಡದ ಸೋಪಿನದು, ಮುಟ್ಟಬೇಡ ಎಂದು ಅವನೇ ಹೇಳಿಕೊಟ್ಟಿದ್ದ. ಅವಳನ್ನು ನಗಿಸುತ್ತಿದ್ದ. ಒಂದು ದಿನ ಸಮವಸ್ತ್ರದ ಒಬ್ಬ ಮನುಷ್ಯ ಬಂದು ಹುಡುಗಿಯ ಪಕ್ಕದಲ್ಲಿ ಕೂತು, ಲೋರೆಂಟ್ಸ್ ಯಾವ ಜೋಕು ಹೇಳಿ ನಿನ್ನನ್ನು ನಗಿಸುತ್ತಾನೆ, ನನಗೂ ಹೇಳು ಎಂದು ಕೇಳಿದ. ಅವಳು ಹೇಳಿದಳು. ಅದು ಆ ದೇಶವನ್ನು ಆಳುತ್ತಿದ್ದವನ ಮೇಲಿನ ಜೋಕು. ಮರುದಿನ ಲೋರೆಂಟ್ಸ್ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಬೇರೆಯವನು ಬಂದು ದೀಪ ಹಚ್ಚಿದ. ಹೂವಿನ ದೃಶ್ಯ ತೆಗೆದದ್ದು ಅದಾಗಿ ಮೂರು ದಿನಕ್ಕೆ. ಯುದ್ಧ ಮುಗಿದ ಮೇಲೆ ಲೋರೆಂಟ್ಸ್‌ನ ಹೆಂಡತಿ ಹುಡುಗಿಯ ಮನೆಯ ಬಾಗಿಲಿಗೆ ಬಂದಿದ್ದಳಂತೆ. ಒಳಗೆ ಬರಲಿಲ್ಲ, ಏನೂ ಮಾತಾಡಲಿಲ್ಲ. ಹುಡುಗಿಯನ್ನು ಒಂದು ಸಲ ನೋಡಿ ಹೊರಟುಹೋದಳು.

ತಾಯಿ ಇದನ್ನು ತನಗೆ ಹೇಳಿದ್ದು ಜೀವಮಾನದಲ್ಲಿ ಒಂದೇ ಸಲ ಎಂದರು ಮಗ. ಆ ಚಿತ್ರವನ್ನು ತಾನೂ ನೋಡಿಲ್ಲ. ಬೇಡ ಎಂದಷ್ಟೇ ಹೇಳುವ ಬದಲು ಯಾಕೆಂದು ನಿಮಗೆ ಹೇಳಬೇಕಿತ್ತು, ತಪ್ಪು ನನ್ನದು ಎಂದರು.

ಮರುದಿನ ಅವರು ಆಫೀಸಿಗೆ ಹೋಗಲಿಲ್ಲ. ಮಧ್ಯಾಹ್ನ ತಾಯಿಯ ಪಕ್ಕದಲ್ಲಿ ಕೂತು ಸಿನಿಮಾ ಪೂರ್ತಿ ನೋಡಿದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ, ಅಂದು ಫೋನು ಮುಟ್ಟಲಿಲ್ಲ. ಹೂವಿನ ದೃಶ್ಯ ಬಂದಾಗ ಓಮಾ ಮಗನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಮಗ ಏನೋ ಹೇಳಿದರು. ಓಮಾ ಒಪ್ಪಲಿಲ್ಲ. ಇಬ್ಬರೂ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ನಡುವೆ ಓಮಾ ನನ್ನ ಕಡೆ ಕೈ ತೋರಿಸಿ ನನ್ನ ಹೆಸರು ಹೇಳಿದರು. ಆ ವಾಕ್ಯದ ಕೊನೆಯ ಶಬ್ದ ‘ಶುಲ್ಟ್’ ನನಗೆ ಚೆನ್ನಾಗಿ ಕೇಳಿಸಿತು.

ಅವರನ್ನು ಮಲಗಿಸಿ ನಾನು ಹೊರಗೆ ಬಂದಾಗ ಮಗ ಕಿಟಕಿಯ ಹತ್ತಿರ ನಿಂತಿದ್ದರು.

“ನೀನು ಆಗ ಎಂಟು ವರ್ಷದ ಮಗು, ನಿನಗೇನು ಗೊತ್ತಿತ್ತು ಎಂದು ಅಮ್ಮನಿಗೆ ಹೇಳಿದೆ,” ಎಂದರು. “ಗೊತ್ತಿತ್ತು ಎನ್ನುತ್ತಾಳೆ. ಹೇಳಬಾರದ ಮಾತೆಂದು ಗೊತ್ತಿತ್ತಂತೆ. ಆ ಮನುಷ್ಯ ತನ್ನನ್ನು ದೊಡ್ಡವಳ ಹಾಗೆ ಮಾತಾಡಿಸಿದ, ಅದಕ್ಕೇ ಹೇಳಿದೆ ಎನ್ನುತ್ತಾಳೆ.”

ನಾನು ಮೇಜಿನ ಮೇಲಿದ್ದ ಟ್ಯಾಬನ್ನು ಮುಚ್ಚಿಟ್ಟೆ.

“ನೋಡಿ ಸಿಸ್ಟರ್, ಅವಳ ತಲೆ ಎಷ್ಟು ಕೆಟ್ಟಿದೆ. ತಪ್ಪು ನಿನ್ನದೇ ಎಂದು ಇರೇನೆ ಹೇಳಿದ್ದಾಳೆ ಎನ್ನುತ್ತಾಳೆ. ದಿನಾ ಹೇಳುತ್ತೀರಂತೆ. ನಿಮಗೆ ಜರ್ಮನ್ ಬರುವುದಿಲ್ಲ ಎಂಬುದೂ ಅವಳಿಗೆ ನೆನಪಿಲ್ಲ.”

ಅವರು ನಗಲು ನೋಡಿದರು. ನಾನು ಬಾಯಿ ತೆರೆದಿದ್ದೆ. ಹೌದು ಸರ್, ನಾನೇ ಹೇಳಿದ್ದು, ತಿಳಿಯದೆ ಹೇಳಿದೆ ಎಂದರೆ ಮುಗಿಯುತ್ತಿತ್ತು. ಅವರು ಒಳಗೆ ಹೋಗಿ ತಾಯಿಗೆ ಬಿಡಿಸಿ ಹೇಳುತ್ತಿದ್ದರು: ಇರೇನೆಗೆ ನಿನ್ನ ಮಾತು ತಿಳಿದಿರಲಿಲ್ಲ ಅಮ್ಮ, ಅವಳು ಸುಮ್ಮನೆ ಹೌದೆಂದಳು. ಓಮಾಗೆ ಅದು ಅರ್ಥವಾಗುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಹಿಂದಿನ ದಿನ ಅಷ್ಟು ಧೈರ್ಯ ಮಾಡಿದವಳಿಗೆ ಅಂದು ಯಾಕೆ ಬಾಯಿ ಬರಲಿಲ್ಲ ಎಂದೂ ಹೇಳಲಾರೆ. ಸಿನಿಮಾ ಹಾಕಿದ್ದು ತಪ್ಪು ಎಂದು ಒಪ್ಪಿಕೊಂಡಾಗ ಅವರು ಕ್ಷಮಿಸಿದ್ದರು, ಆ ಕ್ಷಮೆಯನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲವೋ ಏನೋ.

“ಟೀ ತರಲಾ ಸರ್?” ಎಂದೆ.

ಆಮೇಲಿನ ದಿನಗಳಲ್ಲಿ ಓಮಾ ಟ್ಯಾಬ್ ಕೇಳಲಿಲ್ಲ. ಮಧ್ಯಾಹ್ನದ ಪರಚಾಟವೂ ಇರಲಿಲ್ಲ, ಅಷ್ಟು ಶಕ್ತಿ ಉಳಿದಿರಲಿಲ್ಲ. ನಾನು ಚೀಟಿಯ ಮಾತನ್ನು ದಿನಾ ಹೇಳುತ್ತಿದ್ದೆ, ಬಟ್ಟೆ ಬದಲಿಸುವಾಗ, ಕೂದಲು ಬಾಚುವಾಗ. ಅವರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುವರು. ಆಗಸ್ಟ್ ಕೊನೆಯಲ್ಲಿ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ತೀರಿಕೊಂಡರು. ಆ ವಯಸ್ಸಿಗೆ, ಆ ಕಾಯಿಲೆಗೆ ಹಾಗೆಯೇ ಆಗುವುದು ಎಂದು ಡಾಕ್ಟರ್ ಹೇಳಿದರು. ಇಷ್ಟು ವರ್ಷಗಳ ಅನುಭವದಲ್ಲಿ ನಾನೂ ಅದೇ ಮಾತನ್ನು ಎಷ್ಟೋ ಮನೆಯವರಿಗೆ ಹೇಳಿದ್ದೇನೆ. ತಿನ್ನಬಲ್ಲವರು ತಿನ್ನದೆ ಕೂತರೆ ಏನಾಗುತ್ತದೆ ಎಂದೂ ನನಗೆ ಗೊತ್ತು.

ದೇಹವನ್ನು ಜರ್ಮನಿಗೆ ಒಯ್ಯುವ ಮುಂಚೆ ಮಗ ನನ್ನನ್ನು ಕರೆಸಿದ್ದರು. ಓಮಾಗೆ ನೀಲಿ ಉಡುಪು ತೊಡಿಸಿದ್ದರು. ಕೂದಲು ಯಾರೋ ತಪ್ಪು ಕಡೆಗೆ ಬಾಚಿದ್ದರು, ನಾನು ಸರಿಮಾಡಿದೆ. ಅಲ್ಲಿ ನಾವಿಬ್ಬರೇ ಇದ್ದೆವು. ಆಗಲೂ ಹೇಳಬಹುದಿತ್ತು.

ಮನೆ ಖಾಲಿ ಮಾಡಿ ಅವರೂ ಊರಿಗೆ ಹೊರಟ ಮೇಲೆ ನನ್ನ ಹೆಸರಿಗೆ ಒಂದು ಕಾಗದ ಬಂತು. ಮುಂದೆ ಕೆಲಸಕ್ಕೆ ಅನುಕೂಲವಾಗಲಿ ಎಂದು ಬರೆದ ಪ್ರಮಾಣಪತ್ರ ಅದು. ನನ್ನ ಸಮಯಪಾಲನೆ, ಶುಚಿತ್ವ ಎಲ್ಲ ಬರೆದು, ಕೊನೆಯಲ್ಲಿ ತಮ್ಮದೇ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದರು: ‘ನನ್ನ ತಾಯಿಯ ಭಾಷೆ ಬಾರದಿದ್ದರೂ, ಅವಳಿಗೆ ಬೇಕಾದ ಮಾತನ್ನು ಸಿಸ್ಟರ್ ಐರಿನ್ ಯಾವಾಗಲೂ ಹುಡುಕಿ ಹೇಳಿದರು.’

ಅಬುಧಾಬಿಯ ಇಂಟರ್‌ವ್ಯೂನಲ್ಲಿ ನರ್ಸಿಂಗ್ ಮೇಲಧಿಕಾರಿ ಆ ಸಾಲನ್ನು ಗಟ್ಟಿಯಾಗಿ ಓದಿ, ಇಂಥವರೇ ನಮಗೆ ಬೇಕು ಎಂದರು. ನಾನು ಥ್ಯಾಂಕ್ಯೂ ಮೇಡಂ ಎಂದೆ. ಈ ಕೆಲಸ ನನಗೆ ಸಿಕ್ಕಿದ್ದು ಹಾಗೆ.